ವಾರಗಿತ್ತಿಯ ಹೆಸರಿನ ಹೊಲ

ಹೋದ ತಿಂಗಳು ಸಿರುಗುಪ್ಪದಲ್ಲಿ ಒಂದು ಮದುವೆಯಿತ್ತು. ಊರು ಇನ್ನೂ ಒಂದಿಷ್ಟು ದೂರವಿರುವಾಗಲೇ ಬಸ್ಸಿನೊಳಗೆ ಭತ್ತ ಕುದಿಸುವ ವಾಸನೆ ನುಗ್ಗಿತು. ಆ ಕಡೆಯವರಿಗೆ ಗೊತ್ತು ಅದು. ನೆನೆದ ಹೊಟ್ಟು, ಬಿಸಿ ಹಬೆ, ಸ್ವಲ್ಪ ಹುಳಿ, ಸ್ವಲ್ಪ ಸಿಹಿ. ಪಕ್ಕದಲ್ಲಿ ಕೂತಿದ್ದ ಹುಡುಗಿ ಮೂಗಿಗೆ ದುಪಟ್ಟಾ ಒತ್ತಿಕೊಂಡಳು. ನನಗೆ ಮಾತ್ರ ಹೊಟ್ಟೆಯಲ್ಲಿ ಯಾರೋ ಕೈ ಹಾಕಿ ಹಿಂಡಿದ ಹಾಗಾಯಿತು. ಹೊಟ್ಟೆಕಿಚ್ಚು ಎಂಬ ಮಾತನ್ನು ಮೊದಲು ಆಡಿದವರು ಯಾರೋ, ಅದು ಮೈಯಲ್ಲಿ ಎಲ್ಲಿ ಉರಿಯುತ್ತದೆ ಎಂದು ಅನುಭವಿಸಿಯೇ ಆಡಿರಬೇಕು.

ನಾನು ಆ ಕಿಚ್ಚಿನಲ್ಲಿ ಬೆಂದ ವರ್ಷ ಶುರುವಾದದ್ದು ಇದೇ ವಾಸನೆಯಲ್ಲಿ, ಶ್ರಾವಣದ ಒಂದು ಸೋಮವಾರ. ಪಂಪಣ್ಣ ಸಾಹುಕಾರರ ಅಕ್ಕಿ ಗಿರಣಿಗೆ ಹೊಸ ಬಾಯ್ಲರ್ ಬಂದಿತ್ತು. ಅದರ ಪೂಜೆಗೆ ನಮ್ಮ ಮನೆಯವರನ್ನೆಲ್ಲ ಕರೆದಿದ್ದರು. ಕರೆಯಲು ಕಾರಣ ನನ್ನ ಮೈದುನ ಪ್ರಭು. ಸಾಹುಕಾರರ ಫೋನು, ಕಾರು, ಭೇಟಿ, ಕಾಗದ ಪತ್ರ ಎಲ್ಲ ನೋಡಿಕೊಳ್ಳುವವನು ಅವನೇ. ಗಿರಣಿ ಸಿರುಗುಪ್ಪದಲ್ಲಿದ್ದರೂ ಸಾಹುಕಾರರ ಕೈ ಬಳ್ಳಾರಿಯ ತುಂಬ ಇತ್ತು. ಯಾವ ಪಕ್ಷ ಗೆದ್ದರೂ ಅವರು ಸೋಲುತ್ತಿರಲಿಲ್ಲ. ದೊಡ್ಡ ಅಧಿಕಾರಿಗಳ ಜೊತೆ ಕೂರುವ ಸಮಿತಿಗಳಲ್ಲಿ ಅವರ ಹೆಸರು ಇದ್ದೇ ಇರುತ್ತಿತ್ತು.

ನಾವು ಮೂಲತಃ ಕುರುಗೋಡಿನವರು. ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು. ನನ್ನ ಗಂಡ ಶರಣಪ್ಪ ದೊಡ್ಡವರು, ಬಳ್ಳಾರಿಯ ಬ್ರೂಸ್‌ಪೇಟೆಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಕೆಲಸ. ಅದೇ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಸಂಸಾರ, ಅತ್ತೆಯೂ ನಮ್ಮ ಜೊತೆಗೇ. ನಾನು ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಎಷ್ಟೋ ವರ್ಷಗಳಿಂದ ತಾತ್ಕಾಲಿಕ ಟೀಚರು. ಮೈದುನನ ಹೆಂಡತಿ, ಅಂದರೆ ನನ್ನ ವಾರಗಿತ್ತಿ ಶೈಲಾ, ಹತ್ತನೇ ಇಯತ್ತೆಯ ಪರೀಕ್ಷೆಗೆ ಎರಡು ಸಲ ಕೂತು ಪಾಸಾಗದೆ ಬಿಟ್ಟವಳು. ಅವಳಪ್ಪ ಕುರುಗೋಡಿನಲ್ಲಿ ಮನೆಮನೆಗೆ ಹಾಲು ಹಾಕುತ್ತಿದ್ದ. ಮದುವೆಯಲ್ಲಿ ಅವಳ ಕಿವಿಗೆ ಜೋಡಿ ಓಲೆ ಬಿಟ್ಟರೆ ಮೈಮೇಲೆ ಬಂಗಾರವೇ ಇರಲಿಲ್ಲ. ನನ್ನ ಹಸಿರು ರೇಷ್ಮೆಯನ್ನು ಅವಳಿಗೆ ಉಡಿಸಿ ಧಾರೆಗೆ ಕೂರಿಸಿದವಳು ನಾನೇ. ಅವಳಿಗೆ ಒಲೆ ಮುಂದೆ ನಿಲ್ಲುವುದರಿಂದ ಹಿಡಿದು ಬ್ಯಾಂಕಿನ ಚೀಟಿ ತುಂಬುವವರೆಗೆ ಕಲಿಸಿದ್ದೆ. ಅವಳು ನನ್ನನ್ನು ಅಕ್ಕ ಎನ್ನುತ್ತಿದ್ದಳು. ನನಗೆ ಅದು ಹಿತವಾಗಿತ್ತು, ಯಾಕೆಂದರೆ ಅಕ್ಕ ಎಂದರೆ ಒಂದು ಮೆಟ್ಟಿಲು ಮೇಲೆ.

ಪೂಜೆ ಮುಗಿದು ಎಲ್ಲರೂ ಪ್ರಸಾದದ ತಟ್ಟೆ ಹಿಡಿದು ನಿಂತಿದ್ದೆವು. ಪಂಪಣ್ಣ ಸಾಹುಕಾರರು ಬಿಳಿ ಅಂಗಿ, ಹಣೆಗೆ ಮೂರು ಬೆರಳಿನ ವಿಭೂತಿ, ಆಂಧ್ರದ ಕಡೆಯಿಂದ ಬಂದ ವ್ಯಾಪಾರಿಗಳ ಜೊತೆ ತೆಲುಗಿನಲ್ಲಿ ನಗುತ್ತಿದ್ದವರು, ಥಟ್ಟನೆ ಶೈಲಾಳ ಕಡೆ ತಿರುಗಿದರು.

"ಇವರು ಯಾರಂತ ಗೊತ್ತೈತೇನ್ರಿ ನಿಮಗ? ನಮ್ಮ ಪ್ರಭೂನ ಹೆಂಡ್ರು. ಬಳ್ಳಾರಿ ಮಗ್ಗಲಿನ ಕೊಳಗಲ್ಲಿನಾಗ ಈಗ ಇವರಷ್ಟು ಕರಿ ಎರಿ ಹೊಲ ಯಾರಿಗೂ ಇಲ್ಲ."

ಸುತ್ತಲಿದ್ದವರು ನಕ್ಕರು. ಶೈಲಾ ತಲೆ ತಗ್ಗಿಸಿ, ಸೆರಗು ಸರಿಮಾಡಿಕೊಂಡು ನಕ್ಕಳು. ಬಾಯ್ಲರಿನ ಹಬೆ ನಮ್ಮೆಲ್ಲರ ಮೇಲೆ ಹಾಯುತ್ತಿತ್ತು. ಆ ವಾಸನೆಯಲ್ಲಿ ನಿಂತು ನಾನು ಪ್ರಸಾದದ ಸಿಹಿಯನ್ನು ನುಂಗದೆ ಬಾಯಲ್ಲೇ ಇಟ್ಟುಕೊಂಡಿದ್ದೆ.

ವಾಪಸು ಬರುವಾಗ ಬಸ್ಸಿನಲ್ಲಿ ಗಂಡನನ್ನು ಕೇಳಿದೆ. ಅವರಿಗೆ ಮೊದಲೇ ಗೊತ್ತಿತ್ತು.

"ಹೊಲ ಆಕಿದಲ್ಲ," ಎಂದರು. "ಸಾಹುಕಾರ್ರದು. ಹೆಸರಷ್ಟ ಆಕಿದು. ಅವರ ಹೆಸರಿಗೆ ತಗೊಂಡ್ರ ಮಂದಿ ಕಣ್ಣು ಬೀಳತೈತಿ."

"ಯಾಕ ತಗೊಂಡಾರ ಅಷ್ಟು?"

"ಆ ಕಡೆ ದೊಡ್ಡ ರೋಡು ಬರ್ತೈತಂತ. ಇನ್ನೂ ಯಾರಿಗೂ ಗೊತ್ತಿಲ್ಲ. ಸಾಹುಕಾರ್ರಿಗೆ ಸಮಿತಿಯೊಳಗ ನಕಾಶಿ ತೋರಿಸ್ಯಾರ. ಜಾಹೀರಾದ ಮ್ಯಾಲೆ ಸರಕಾರ ಒಂದಕ್ಕ ನಾಲ್ಕು ಕೊಡತೈತಿ. ನೀನು ಬಾಯಿ ಮುಚ್ಚಿಕೊಂಡಿರು."

ಬಾಯಿ ಮುಚ್ಚಿಕೊಂಡೆ. ಆದರೆ ಆ ಹೊತ್ತಿಗೆ ನನ್ನ ತಲೆಯಲ್ಲಿದ್ದದ್ದು ಸರಕಾರವೂ ಅಲ್ಲ, ಮೋಸವೂ ಅಲ್ಲ. ಆಕೆಯ ಹೆಸರು ಯಾಕೆ, ನನ್ನದು ಯಾಕಲ್ಲ? ಬಸ್ಸು ಇಳಿಯುವವರೆಗೂ ಅದೇ. ನಾನು ಓದಿದವಳು, ಮನೆಗೆ ಹಿರಿಯ ಸೊಸೆ. ಯಾರೋ ದೊಡ್ಡವರು ಒಂದು ಹೆಸರು ಬೇಕೆಂದು ನಮ್ಮ ಮನೆಯ ಕಡೆ ನೋಡಿದಾಗ ಅವರ ಕಣ್ಣು ನನ್ನನ್ನು ದಾಟಿ ಆಕೆಯ ಮೇಲೆ ಹೋಗಿ ಕೂತಿತ್ತು.

ಮಳೆ ಆ ವರ್ಷ ಚೆನ್ನಾಗಿಯೇ ಆಯಿತು. ಬಳ್ಳಾರಿಯಲ್ಲಿ ಮಳೆ ಎಂದರೆ ಧೂಳು ಕೆಂಪು ರಾಡಿಯಾಗುವುದು, ಬ್ರೂಸ್‌ಪೇಟೆಯ ಸಂದಿಗಳಲ್ಲಿ ಹಮಾಲರು ಮೂಟೆಗಳ ಮೇಲೆ ತಾಡಪತ್ರಿ ಎಳೆಯುತ್ತ ಕೂಗಾಡುವುದು. ಆ ರಾಡಿಯಲ್ಲಿ ಸೀರೆ ಎತ್ತಿಕೊಂಡು ನಾನು ಸಾಲೆಗೆ ಹೋಗುವಾಗ ಕೆಲವು ಸಲ ಸಾಹುಕಾರರ ಬಿಳಿ ಕಾರು ನನ್ನ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಹಿಂದಿನ ಸೀಟಿನಲ್ಲಿ ಶೈಲಾ. ನೋಂದಣಿ ಕಚೇರಿಗೆ ಸಹಿ ಮಾಡಲು ಹೊರಟಿರುತ್ತಿದ್ದಳು. ನನ್ನನ್ನು ಕಂಡರೆ ಗಾಜು ಇಳಿಸಿ, "ಅಕ್ಕಾ, ಬರ್ರಿ, ಬಿಟ್ಟು ಹೋಗ್ತೀನಿ," ಎನ್ನುತ್ತಿದ್ದಳು. ನಿಜವಾದ ಪ್ರೀತಿಯಿಂದಲೇ ಕರೆಯುತ್ತಿದ್ದಳು. ಅದೇ ನನಗೆ ತಡೆಯಲಾಗುತ್ತಿರಲಿಲ್ಲ. ಸೊಕ್ಕಿನಿಂದ ಕರೆದಿದ್ದರೆ ಎಷ್ಟೋ ಸುಲಭವಿತ್ತು. "ಇಲ್ಲೇ ಐತಿ, ನಡಕೊಂಡು ಹೋಗ್ತೀನಿ," ಎಂದು ಹೇಳಿ, ಕಾರು ಮರೆಯಾದ ಮೇಲೆ ನಿಂತು ಚಪ್ಪಲಿಯ ರಾಡಿ ಒರೆಸಿಕೊಳ್ಳುತ್ತಿದ್ದೆ.

ದಸರೆಗೆ ಪ್ರಭು, ಶೈಲಾ ಬಳ್ಳಾರಿಯ ಪಾರ್ವತಿನಗರದ ಹೊಸ ಮನೆಗೆ ಹೋದರು. ಮಹಡಿ ಮನೆ, ಮುಂದೆ ಗ್ರಾನೈಟಿನ ಮೆಟ್ಟಿಲು, ಒಳಗೆ ಕಾಲಿಟ್ಟರೆ ತಣ್ಣಗೆ. ಮನೆ ತೋರಿಸುತ್ತ ಶೈಲಾ ಪ್ರತಿಯೊಂದನ್ನೂ ನನ್ನ ಕೈಯಿಂದ ಮುಟ್ಟಿಸಿದಳು. ಬಟ್ಟೆ ತೊಳೆಯುವ ಯಂತ್ರ, ದೇವರ ಕೋಣೆಯ ತೇಗದ ಬಾಗಿಲು, ಅಡಿಗೆಮನೆಯಲ್ಲಿ ತಾವಾಗಿಯೇ ಮುಚ್ಚಿಕೊಳ್ಳುವ ಡ್ರಾವರುಗಳು. "ಮೆಲ್ಲಕ ಬಿಡ್ರಿ ಅಕ್ಕಾ, ತಾನ ಹೋಗತೈತಿ," ಎಂದಳು. ನಾನು ಬಿಟ್ಟೆ. ಅದು ಸದ್ದಿಲ್ಲದೆ ಹೋಗಿ ಮುಚ್ಚಿಕೊಂಡಿತು. ನಮ್ಮ ಮನೆಯ ಕಪಾಟಿನ ಬಾಗಿಲನ್ನು ಮುಚ್ಚಲು ಒದೆಯಬೇಕಿತ್ತು.

ಅತ್ತೆಗೆ ಅಲ್ಲಿ ಒಂದು ಕೋಣೆ ಮಾಡಿದ್ದರು. ಹಬ್ಬಕ್ಕೆಂದು ಹೋದವರು ಅಲ್ಲೇ ಉಳಿದರು. ನಮ್ಮ ಮನೆಯ ಮೆಟ್ಟಿಲು ಹತ್ತಲು ಮೊಣಕಾಲು ನೋವು ಎಂದರು, ಅದು ಸುಳ್ಳಲ್ಲ. ಆದರೆ ಅವರ ಸಂದೂಕವನ್ನು ಒಯ್ಯಲು ಪ್ರಭು ಬಂದ ದಿನ, ಅವರು ಮಲಗುತ್ತಿದ್ದ ಜಾಗವನ್ನು ಗುಡಿಸುತ್ತ ನಾನು ಅತ್ತುಬಿಟ್ಟೆ. ಇಷ್ಟು ವರ್ಷ ಅವರ ಬಾಯಿಗೆ ಹೆದರಿ ಬದುಕಿದವಳು, ಅವರು ಹೋದದ್ದಕ್ಕೆ ಅಳುತ್ತಿದ್ದೆ. ಗಂಡ ಬಾಗಿಲಲ್ಲಿ ನಿಂತು ನೋಡಿ, ಏನೂ ಕೇಳದೆ ಕೆಳಗೆ ಅಂಗಡಿಗೆ ಇಳಿದು ಹೋದರು.

ಸಾಲೆಯಲ್ಲೂ ಸುದ್ದಿ ಹಬ್ಬಿತ್ತು. ಒಂದು ದಿನ ಹೆಡ್‌ಮಾಸ್ತರರು ಕರೆದು ಕೂರಿಸಿ, ಚಹಾ ತರಿಸಿ, "ಮೇಡಂ, ನಿಮ್ಮ ಮನೆಯವರು ಸಾಹುಕಾರ್ರಿಗೆ ಹತ್ತಿರ ಅದಾರಂತ. ಒಂದು ಮಾತು ಹೇಳಿಸ್ರಿ, ನಿಮ್ಮ ಕೆಲಸ ಕಾಯಂ ಆಗತೈತಿ," ಎಂದರು. ನಾನು ಹೇಳಿಸಲಿಲ್ಲ. ಅದು ಸ್ವಾಭಿಮಾನ ಎಂದು ಗಂಡ ಹೆಮ್ಮೆಪಟ್ಟರು. ಶೈಲಾಳ ಮುಂದೆ ಕೈಚಾಚುವುದಕ್ಕಿಂತ ಸಾಯುವವರೆಗೆ ತಾತ್ಕಾಲಿಕವಾಗಿರುವುದೇ ವಾಸಿ ಎಂದು ನನಗೆ ಅನಿಸಿತ್ತು, ಅಷ್ಟೇ. ಆದರೆ ಎರಡು ವಾರಕ್ಕೆ ಕಾಯಂ ಆದೇಶ ಬಂತು. ಯಾರಿಂದಲೋ ವಿಷಯ ತಿಳಿದ ಶೈಲಾ, ಸಾಹುಕಾರರು ಊಟಕ್ಕೆ ಬಂದಾಗ ರೊಟ್ಟಿ ಬಡಿಸುತ್ತ ಒಂದು ಮಾತು ಹಾಕಿದ್ದಳಂತೆ. ಅವರು ಊಟ ಮುಗಿಸುವ ಮೊದಲೇ ಒಂದು ಫೋನು ಮಾಡಿದ್ದರಂತೆ. ನಾನು ಇಷ್ಟು ವರ್ಷ ಒಬ್ಬರಾದ ಮೇಲೊಬ್ಬರು ಮುಖ್ಯಸ್ಥರ ಮುಂದೆ ನಿಂತು ಸವೆಸಿದ ಆಸೆ, ಆಕೆಗೆ ಎರಡು ರೊಟ್ಟಿಯ ನಡುವಿನ ಮಾತಾಗಿತ್ತು. ಆದೇಶ ಕೈಯಲ್ಲಿ ಹಿಡಿದಾಗ ಸಂತೋಷವಾಗಬೇಕಿತ್ತು. ಆಗಲಿಲ್ಲ.

ಕೊಳಗಲ್ಲಿನಿಂದ ನಮ್ಮ ಓಣಿಗೆ ಬದನೆಕಾಯಿ, ಹಸಿಮೆಣಸಿನಕಾಯಿ ಮಾರಲು ಬರುತ್ತಿದ್ದ ಹನುಮಕ್ಕ ಎಂಬ ಹೆಂಗಸು ನನಗೆ ಬಹಳ ವರ್ಷಗಳ ಪರಿಚಯ. ಸಂಕ್ರಾಂತಿಯಾದ ಮೇಲೆ ಒಂದು ಬೆಳಿಗ್ಗೆ ಅವಳು ಬುಟ್ಟಿಯಿಲ್ಲದೆ ಬಂದಳು. ಮೆಟ್ಟಿಲ ಮೇಲೆ ಕೂತಳು. ಹಿಂದಿನ ದಿನ ರಸ್ತೆಯ ವಿಷಯ ಜಾಹೀರಾಗಿತ್ತು.

"ಟೀಚರ್, ನಿಮ್ಮನ್ನ ಒಂದು ಮಾತು ಕೇಳಾಕ ಬಂದೀನಿ," ಎಂದಳು. "ಹೋದ ಬ್ಯಾಸಿಗಿಯೊಳಗ ನಿಮ್ಮ ಮೈದುನ ನಮ್ಮೂರಿಗೆ ಬಂದಿದ್ದ. ಈ ಹೊಲ ಎಲ್ಲಾ ಸರಕಾರದವರು ಕಸಗೊಂತಾರ, ಪುಡಿಗಾಸು ಕೊಡ್ತಾರ, ಅದೂ ಕೋರ್ಟಿಗೆ ಅಡ್ಡಾಡಿ ತಗೋಬೇಕು ಅಂತ ಹೇಳಿದ. ಅದಕ್ಕಿಂತ ನಮ್ಮ ಹೆಣ್ಣುಮಗಳ ಹೆಸರಿಗೆ ಕೊಡ್ರಿ, ಒಂದಿಷ್ಟು ಹೆಚ್ಚಿಗಿ ಕೊಡಸ್ತೀನಿ ಅಂದ. ಟೀಚರ್ ಮನಿ ಮಂದಿ ಅಂತ ನಾನ ಮೊದಲ ಹೆಬ್ಬೆಟ್ಟು ಒತ್ತಿದೆ. ನನ್ನ ನೋಡಿ ಉಳಿದವರು ಒತ್ತಿದ್ರು."

ನಾನು ನೀರಿನ ಚೆಂಬು ತಂದು ಅವಳ ಪಕ್ಕ ಇಟ್ಟೆ. ಅವಳು ಮುಟ್ಟಲಿಲ್ಲ.

"ಈಗ ನೋಡಿದ್ರ ಸರಕಾರ ಕೈತುಂಬ ಕೊಡತೈತಂತ. ಆ ರೊಕ್ಕ ಎಲ್ಲ ನಿಮ್ಮ ವಾರಗಿತ್ತಿಗೆ. ನಿಮಗ ಮೊದಲ ಗೊತ್ತಿತ್ತೇನ್ರಿ ಟೀಚರ್?"

ಅವಳು ಹೊಲ ಕೊಟ್ಟ ಬೇಸಿಗೆಯಲ್ಲಿ ನನಗೆ ಗೊತ್ತಿರಲಿಲ್ಲ, ಗೊತ್ತಾದದ್ದು ಶ್ರಾವಣದಲ್ಲಿ. "ಇಲ್ಲ ಹನುಮಕ್ಕ," ಎಂದೆ. ಅವಳು ನನ್ನ ಮುಖ ನೋಡಿ, ನಂಬಿದಳೋ ಇಲ್ಲವೋ, ಎದ್ದಳು. "ನಾವು ಅರ್ಜಿ ಕೊಡೋರದೀವಿ," ಎಂದು ಹೇಳಿ ಇಳಿದು ಹೋದಳು.

ಅವರು ಕೊಟ್ಟರು. ಕೊಳಗಲ್ಲಿನ ಹೆಂಗಸರೇ ಮುಂದಾಗಿ ಜಿಲ್ಲಾ ಕಚೇರಿಯ ಮುಂದೆ ಕೂತರು. ಒಬ್ಬ ಯುವ ವಕೀಲ ಅವರ ಜೊತೆ ನಿಂತ. ಪರಿಹಾರದ ಹಣ ಬಿಡುಗಡೆಯಾಗುವ ಮೊದಲೇ ವಿಚಾರಣೆಯ ಆದೇಶ ಬಂತು. ಎಲ್ಲಿಂದ ಒತ್ತಡ ಬಂತೋ, ಸಾಹುಕಾರರಿಗೂ ಮೇಲಿನವರು ಯಾರೋ ಅವರ ಮೇಲೆ ಮುನಿದಿದ್ದರೋ ಗೊತ್ತಿಲ್ಲ. ದೊಡ್ಡವರ ಮೇಲೆ ವಿಚಾರಣೆ ಬಂದರೆ ಅದರ ಹಿಂದೆ ಇನ್ನೊಬ್ಬ ದೊಡ್ಡವನ ಸಿಟ್ಟಿರುತ್ತದೆ ಎಂದು ನನ್ನ ಗಂಡ ಹೇಳುತ್ತಿದ್ದರು. ಪಾರ್ವತಿನಗರದ ಮನೆಗೆ ಅಧಿಕಾರಿಗಳು ಬಂದು ಕಪಾಟು, ಸಂದೂಕ ಎಲ್ಲ ತೆಗೆಸಿ ನೋಡಿ ಹೋದರು. ಪತ್ರಿಕೆಯವರು ಪಂಪಣ್ಣ ಸಾಹುಕಾರರನ್ನು ಕೇಳಿದಾಗ ಅವರು ಹೇಳಿದ ಮಾತು ಸಂಜೆಯೊಳಗೆ ಬಳ್ಳಾರಿಯಲ್ಲೆಲ್ಲ ಓಡಾಡಿತು. "ಆ ಹೆಣ್ಣುಮಗಳು ಯಾರೋ ನನಗ ಗೊತ್ತಿಲ್ರಿ. ನನ್ನ ಕಡೆ ನೂರು ಮಂದಿ ಕೆಲಸ ಮಾಡ್ತಾರ. ಅವರ ಹೆಂಡರು ಏನು ತಗೊಂತಾರ, ಏನು ಮಾರ್ತಾರ, ನಾ ಏನು ಬಲ್ಲೆ?"

ಆ ಮಾತು ಕೇಳಿ ನನ್ನೊಳಗೆ ಏನೋ ತಂಪಾಯಿತು. ತನಗೆ ರೊಟ್ಟಿ ಬಡಿಸಿದವಳೇ ಗೊತ್ತಿಲ್ಲ ಎಂದಿದ್ದ. ಅಂದು ಸಂಜೆ ನಾನು ಶೇಂಗಾ ಹೋಳಿಗೆ ಮಾಡಿದೆ. ಯಾಕೆ ಎಂದು ಗಂಡ ಕೇಳಲಿಲ್ಲ, ತಿನ್ನಲೂ ಇಲ್ಲ.

ಬೇಸಿಗೆ ಏರಿತ್ತು. ಮಧ್ಯಾಹ್ನದಲ್ಲಿ ಬಳ್ಳಾರಿಯ ಗುಡ್ಡದ ಬಂಡೆಗಳು ಕಾದು, ಊರೇ ಹಂಚಿನ ಮೇಲಿಟ್ಟ ಹಾಗೆ ಇರುತ್ತಿತ್ತು. ಅಂಥ ಒಂದು ಮಧ್ಯಾಹ್ನ ಶೈಲಾ ಆಟೋದಲ್ಲಿ ಬಂದಳು. ಮುಖದ ತುಂಬ ಸೆರಗು. ಒಳಗೆ ಬಂದು ನೀರು ಕೇಳಿ ಕುಡಿದಳು, ಮತ್ತೆ ಕೇಳಿ ಕುಡಿದಳು.

"ನಾಳೆ ನನ್ನ ವಿಚಾರಣಿಗೆ ಕರೆದಾರಕ್ಕ. ಏನು ಹೇಳಬೇಕು ಅಂತ ಸಾಹುಕಾರ್ರ ವಕೀಲರು ಕಲಿಸ್ಯಾರ. ನೀವು ಆಫೀಸರ್ ಆಗಿ ಕೇಳ್ರಿ. ನಾ ಹೇಳ್ತೀನಿ. ತಪ್ಪಿದ್ರ ತಿದ್ರಿ."

ಹತ್ತನೇ ಇಯತ್ತೆಯ ಪರೀಕ್ಷೆಗೆ ಮೂರನೇ ಸಲ ಕೂರು ಎಂದು ನಾನು ಒತ್ತಾಯಿಸಿದ್ದಾಗಲೂ ಅವಳು ಹೀಗೆಯೇ ನನ್ನೆದುರು ಚಕ್ಕಂಬಕ್ಕಳ ಹಾಕಿ ಕೂತಿದ್ದಳು. ನಾನು ಕೇಳಿದೆ.

"ಹೊಲ ಯಾರದು?"

"ನಂದು."

"ರೊಕ್ಕ ಎಲ್ಲಿಂದ ಬಂತು?"

"ನಮ್ಮಪ್ಪ ಕೊಟ್ಟಿದ್ದ ಬಂಗಾರ ಮಾರಿದೆ."

ನಾನು ಅವಳ ಕಿವಿಯ ಕಡೆ ನೋಡಿದೆ. ಅವಳು ಕಣ್ಣು ತಪ್ಪಿಸಿದಳು.

"ಪಂಪಣ್ಣ ಸಾಹುಕಾರ್ರು ಗೊತ್ತೇನು?"

"ಗೊತ್ತಿಲ್ಲ. ನಮ್ಮ ಯಜಮಾನ್ರು ಅವರ ಕಡೆ ಕೆಲಸಕ್ಕ ಅದಾರ. ಅಷ್ಟ."

"ಸರಕಾರ ಹೊಲ ಕಸಗೊಂತೈತಿ ಅಂತ ಕೊಳಗಲ್ಲಿನ ಮಂದಿಗೆ ಹೇಳಿದ್ದು ಯಾರು?"

"ನಾನು," ಎಂದಳು. ಆಮೇಲೆ ದನಿ ಒಡೆಯಿತು. "ನಾ ಆ ಊರ ನೋಡಿಲ್ಲಕ್ಕ. ನಂದು ಅಂತ ಹೇಳೋ ಹೊಲ ಯಾವ ದಿಕ್ಕಿಗೈತಿ ಅಂತ ನನಗ ಇವತ್ತಿಗೂ ಗೊತ್ತಿಲ್ಲ."

ಆಗ ನನಗೆ ತಿಳಿಯಿತು. ಕಲಿಸಿದ ಪಾಠವನ್ನು ನಾಳೆ ಅವಳು ತಪ್ಪಿಲ್ಲದೆ ಒಪ್ಪಿಸಿದರೆ ಮೋಸ ಮಾಡಿದವಳು ಅವಳೊಬ್ಬಳೇ ಆಗುತ್ತಾಳೆ. ಸಾಹುಕಾರರು ಬಿಳಿ ಅಂಗಿಯಲ್ಲಿ ಹಾಗೆಯೇ ಉಳಿಯುತ್ತಾರೆ. ಪ್ರಭುವಿಗೆ ಅದು ಗೊತ್ತಿತ್ತೇ ಎಂದು ಕೇಳಿದೆ.

"ಗೊತ್ತೈತಿ. ಹೆಣ್ಣುಮಗಳು ಅಂತ ನಿನಗ ಏನೂ ಮಾಡಂಗಿಲ್ಲ, ಸಾಹುಕಾರ್ರು ಹೊರಗಿದ್ರ ನಮ್ಮನ್ನ ಉಳಿಸ್ತಾರ ಅಂತಾರ." ಅವಳು ಮೂಗೊರೆಸಿಕೊಂಡಳು. "ಅಕ್ಕಾ, ನಿಮಗೊಂದು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಸಾಹುಕಾರ್ರು ಮೊದಲು ಕೇಳಿದ್ದು ನಿಮ್ಮ ಹೆಸರು. ಟೀಚರ್ ಅದಾರ, ಮಂದಿ ನಂಬತಾರ ಅಂದ್ರಂತ. ನಮ್ಮ ಯಜಮಾನ್ರು, ಬ್ಯಾಡ್ರಿ, ನಮ್ಮ ಅತ್ತಿಗಿ ಪೂರ್ತಿ ಓದದ ಎಲ್ಲೂ ಸಹಿ ಮಾಡಂಗಿಲ್ಲ, ಅಂದ್ರಂತ. ಅದಕ್ಕ ನನ್ನ ಹೆಸರು."

ಇಡೀ ವರ್ಷ ಹೊಟ್ಟೆಯಲ್ಲಿ ಉರಿದದ್ದರ ಮೇಲೆ ಯಾರೋ ನೀರು ಸುರಿದಂತಾಯಿತು. ಹೆದರಿಕೆ ಆಗಬೇಕಿತ್ತು. ನಾಳೆ ಆ ಅಧಿಕಾರಿಗಳ ಮುಂದೆ ಕೂರಬೇಕಾಗಿದ್ದವಳು ನಾನು. ಆದರೆ ನನಗೆ ಮೊದಲು ಆದದ್ದು ಸಂತೋಷ. ಮೊದಲು ಕೇಳಿದ್ದು ನನ್ನನ್ನು. ಎದುರಿಗೆ ಅವಳು ಅಳುತ್ತಿದ್ದಳು, ನಾನು ಒಳಗೊಳಗೇ ಆ ಮಾತನ್ನು ಇನ್ನೊಮ್ಮೆ ಕೇಳಿಸಿಕೊಳ್ಳುತ್ತಿದ್ದೆ.

"ನಿಮಗ ಕೇಳಿದ್ರ ನೀವು ಏನಂತಿದ್ರಿ?" ಎಂದಳು.

"ಹೂಂ ಅಂತಿದ್ದೆ," ಎಂದೆ. "ಓದಿ, ತಿಳಕೊಂಡು, ಹೂಂ ಅಂತಿದ್ದೆ."

ಅವಳು ನನ್ನನ್ನು ನೋಡಿದಳು. ಅದುವರೆಗೆ ನಾವಿಬ್ಬರೂ ಹಾಗೆ ಒಬ್ಬರನ್ನೊಬ್ಬರು ನೋಡಿರಲಿಲ್ಲ.

"ಏಳು," ಎಂದೆ. "ನಾಳೆ ಏನು ಹೇಳ್ತೀಯೋ ಹೇಳು. ಮೊದಲು ನಿನ್ನ ಹೊಲ ಎಲ್ಲೈತಿ ನೋಡಿ ಬರೋಣ ನಡಿ."

ಬಿಸಿಲು ಇಳಿಯುವ ಹೊತ್ತಿಗೆ ಆಟೋದಲ್ಲಿ ಕೊಳಗಲ್ಲಿಗೆ ಹೋದೆವು. ಹನುಮಕ್ಕನ ಮನೆ ಕೇಳಿ ಹುಡುಕಿದೆವು. ಅವಳು ಅಂಗಳದಲ್ಲಿ ಒಣಗಿದ ಮೆಣಸಿನಕಾಯಿ ತುಂಬುತ್ತಿದ್ದಳು. ನಾನು ಶೈಲಾಳನ್ನು ಪರಿಚಯಿಸಿದೆ. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ನಿಂತಿದ್ದೆ. ಹನುಮಕ್ಕ ಚೀಲ ಕೆಳಗಿಟ್ಟು ಬಂದು ಶೈಲಾಳ ಮುಖವನ್ನು ಹತ್ತಿರದಿಂದ ನೋಡಿದಳು.

"ಸಹಿ ಮಾಡಿದಾಕಿ ನೀನ ಏನು? ಇಷ್ಟು ಸಣ್ಣಾಕಿ?"

ಶೈಲಾ ತಲೆಯಾಡಿಸಿದಳು.

"ನಾನು ಯಾವುದೋ ದೊಡ್ಡ ಗೌಡ್ತಿ ಅನಕೊಂಡಿದ್ದೆ. ನಾ ರಿಜಿಸ್ಟರ್ ಆಫೀಸಿನಾಗ ಹೆಬ್ಬೆಟ್ಟು ಒತ್ತಿದ ದಿನ ನೀ ಅಲ್ಲಿ ಇದ್ದಿಯೇನು?"

"ಕಾರಿನಾಗ ಕುಂತಿದ್ದೆ. ಆಮ್ಯಾಲೆ ಕರದ್ರು, ಬಂದು ಸಹಿ ಮಾಡಿ ಹೋದೆ."

"ಕೆಳಗ ಇಳಿದು ಒಂದು ಮಾತು ಆಡಿದ್ರ ಏನಾಗ್ತಿತ್ತು?"

ಹನುಮಕ್ಕ ನಮ್ಮನ್ನು ಹೊಲಕ್ಕೆ ಕರೆದುಕೊಂಡು ಹೋದಳು. ಹತ್ತಿ ಕಿತ್ತು ಖಾಲಿಯಾದ ಕರಿ ನೆಲ, ಕೈ ಹೋಗುವಷ್ಟು ಬಿರುಕು ಬಿಟ್ಟಿತ್ತು. ಬದುವಿನಲ್ಲಿ ಒಂದು ಬನ್ನಿ ಗಿಡ. ರಸ್ತೆಗೆ ಗುರುತು ಹಾಕಿದ ಕಲ್ಲುಗಳು ಸಾಲಾಗಿ ದೂರದವರೆಗೆ ಹೋಗಿದ್ದವು. ತನ್ನ ಅತ್ತೆ ಎಲ್ಲಿ ಕಳೆ ತೆಗೆಯುತ್ತ ಕುಸಿದು ಸತ್ತಳು, ಯಾವ ಮಗ್ಗುಲಲ್ಲಿ ಜೋಳ ಚೆನ್ನಾಗಿ ಬರುತ್ತದೆ, ಹನುಮಕ್ಕ ಹೇಳುತ್ತ ನಡೆದಳು. ಸಿಟ್ಟಿನಿಂದಲ್ಲ, ಹೊಸ ಸೊಸೆಗೆ ಹೊಲ ತೋರಿಸುವವರ ಹಾಗೆ. ಶೈಲಾ ಚಪ್ಪಲಿ ಕೈಯಲ್ಲಿ ಹಿಡಿದು ಅವಳ ಹಿಂದೆ ನಡೆದಳು. ಒಂದು ಕಡೆ ಬಿರುಕಿನಲ್ಲಿ ಕಾಲು ಸಿಕ್ಕಿ ಎಡವಿದಾಗ ಹನುಮಕ್ಕ ಅವಳ ಕೈ ಹಿಡಿದಳು. ಆಮೇಲೆ ಬಿಡಲಿಲ್ಲ. ನಾನು ಹಿಂದೆ ಉಳಿದಿದ್ದೆ. ಹನುಮಕ್ಕ ನನ್ನ ಗುರುತಿನವಳು, ಇಷ್ಟು ವರ್ಷ ನನ್ನ ಮೆಟ್ಟಿಲ ಮೇಲೆ ಕೂತು ಸುಖದುಃಖ ಹೇಳಿಕೊಂಡವಳು. ಅವಳ ಕೈ ನನ್ನ ವಾರಗಿತ್ತಿಯ ಕೈಯಲ್ಲಿತ್ತು.

ವಾಪಸು ಬರುವಾಗ ಶೈಲಾ ಒಂದೇ ಮಾತು ಕೇಳಿದಳು. "ಖರೇ ಹೇಳಿದ್ರ ನಮ್ಮ ಯಜಮಾನ್ರೂ ಸಿಕ್ಕೊಂತಾರಲ್ಲಕ್ಕ?"

"ಸಿಕ್ಕೊಂತಾನ," ಎಂದೆ. ಅವನು ನನ್ನ ಗಂಡನ ಒಡಹುಟ್ಟಿದವನು. ಆದರೂ ಸುಳ್ಳು ಹೇಳಲಾಗಲಿಲ್ಲ.

ಮರುದಿನ ವಿಚಾರಣೆಯ ಕೋಣೆಯ ಹೊರಗೆ ನಾವು ಕಾದೆವು. ಪ್ರಭು ಬೆಂಚಿನ ಆ ತುದಿ, ನಾನು ಮತ್ತು ನನ್ನ ಗಂಡ ಈ ತುದಿ. ಸಾಹುಕಾರರ ವಕೀಲರು ಶೈಲಾಳ ಜೊತೆ ಒಳಗೆ ಹೋದವರು ಬಹಳ ಬೇಗ ಹೊರಗೆ ಬಂದರು. ಕರಿ ಕೋಟನ್ನು ಕೊಡವಿ ತೋಳ ಮೇಲೆ ಹಾಕಿಕೊಂಡು, ಪ್ರಭುವಿನ ಮುಂದೆ ನಿಂತು, "ನಿನ್ನ ಹೆಂಡ್ತಿಗೆ ತಲಿ ಕೆಟ್ಟೈತಿ," ಎಂದು ಹೇಳಿ ಫೋನು ಕಿವಿಗಿಟ್ಟುಕೊಂಡು ಹೋದರು. ಪ್ರಭು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ನನ್ನ ಗಂಡ ಎದ್ದು ಹೋಗಿ ತಮ್ಮನ ಪಕ್ಕ ಕೂತು ಬೆನ್ನ ಮೇಲೆ ಕೈಯಿಟ್ಟರು.

ಶೈಲಾ ಹೊರಗೆ ಬಂದಾಗ ಅವಳ ರವಿಕೆ ಬೆವರಿನಿಂದ ತೊಯ್ದಿತ್ತು. "ಎಲ್ಲಾ ಹೇಳಿದೆ," ಎಂದಳು. "ಕಾರು ಯಾರದು, ಎಲ್ಲಿ ಸಹಿ ಮಾಡಿದೆ, ಯಾರು ಊಟಕ್ಕ ಬರ್ತಿದ್ರು, ಉಣ್ಣುವಾಗ ಏನು ಮಾತಾಡಿದ್ರು, ಎಲ್ಲಾ. ನನ್ನ ಗಂಡಂದೂ ಹೇಳಿದೆ." ಆಮೇಲೆ ಗಂಡನ ಮುಂದೆ ಹೋಗಿ ನಿಂತಳು. ಪ್ರಭು ತಲೆಯೆತ್ತಲಿಲ್ಲ. ಅವಳು ಅಲ್ಲೇ, ಅವನು ಏಳುವವರೆಗೂ ನಿಂತಿದ್ದಳು.

ಪಂಪಣ್ಣ ಸಾಹುಕಾರರಿಗೆ ಎದೆನೋವು ಬಂತು. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಸೇರಿದರು. ಜಾಮೀನು ಸಿಕ್ಕ ಮೇಲೆ ಎದೆನೋವು ಹೋಯಿತು. ತಿರುಗಿ ಬಂದಾಗ ಸಿರುಗುಪ್ಪದಲ್ಲಿ ಸ್ವಾಗತದ ಬ್ಯಾನರು ಕಟ್ಟಿದರು. ಗಿರಣಿ ನಡೆದೇ ಇದೆ. ಆದರೆ ಕೊಳಗಲ್ಲಿನ ಹೊಲಗಳು ಮುಟ್ಟುಗೋಲಾದವು, ಪರಿಹಾರದ ಹಣ ಅವರ ಕೈಗೆ ಹೋಗುವುದು ನಿಂತಿತು. ತಮ್ಮ ಹೊಲಗಳನ್ನು ಮೋಸದಿಂದ ಬರೆಸಿಕೊಂಡದ್ದು ರದ್ದಾಗಬೇಕೆಂದು ಕೊಳಗಲ್ಲಿನವರು ಹಾಕಿದ ದಾವೆ ಇನ್ನೂ ನಡೆದಿದೆ. ಹೆಸರು ಕೊಟ್ಟವರೂ ಕಾನೂನಿನ ಕಣ್ಣಿನಲ್ಲಿ ತಪ್ಪಿತಸ್ಥರೇ ಆದ್ದರಿಂದ ಶೈಲಾ, ಪ್ರಭು ಇಬ್ಬರೂ ಕೋರ್ಟಿನ ಪ್ರತಿ ತಾರೀಕಿಗೆ ಹಾಜರಾಗಬೇಕು. ಪಾರ್ವತಿನಗರದ ಮನೆ ಬಿಟ್ಟು ಅವರು ಕುರುಗೋಡಿಗೆ ಹೋದರು. ಪ್ರಭು ಅಲ್ಲಿ ಪಂಪ್‌ಸೆಟ್ಟು ರಿಪೇರಿಯವನ ಹತ್ತಿರ ದುಡಿಯುತ್ತಾನೆ. ಮೊದಲ ಕೆಲವು ತಿಂಗಳು ಹೆಂಡತಿಯ ಜೊತೆ ಮಾತು ಬಿಟ್ಟಿದ್ದ. ಈಗ ಆಡುತ್ತಾನೆ. ಶೈಲಾ ತಂದೆಯ ಎಮ್ಮೆಗಳನ್ನು ನೋಡಿಕೊಳ್ಳುತ್ತಾಳೆ.

ಅತ್ತೆ ನಮ್ಮ ಮನೆಗೆ ಮರಳಿದರು. ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತ, "ಏನ ಆಗಲಿ, ಶೈಲಾ ಗಟ್ಟಿಗಿತ್ತಿ. ಅಂಥವನ ವಿರುದ್ಧ ನಿಂತು ಮಾತಾಡಿದ್ಲು," ಎನ್ನುತ್ತಾರೆ. ನಾನು ತಿಕ್ಕುತ್ತೇನೆ. ಸಾಲೆಯ ಕಾಯಂ ಕೆಲಸವನ್ನು ವಿಚಾರಣೆಯ ಮರುವಾರವೇ ಬಿಟ್ಟೆ, ಅದರ ಬೇರು ಯಾರ ಅಂಗಳದಲ್ಲಿದೆ ಎಂದು ಗೊತ್ತಿದ್ದು ಹಾಜರಿ ಹಾಕಲು ಆಗಲಿಲ್ಲ. ಈಗ ಇನ್ನೊಂದು ಸಾಲೆಯಲ್ಲಿ ಮತ್ತೆ ತಾತ್ಕಾಲಿಕ. ಅದರ ಬಗ್ಗೆ ಅತ್ತೆ ಏನೂ ಹೇಳುವುದಿಲ್ಲ.

ಸಿರುಗುಪ್ಪದ ಮದುವೆ ಮುಗಿಸಿ ಬಂದ ಮರುವಾರ ಶೈಲಾಳ ತಾರೀಕಿತ್ತು. ನಾನು ರಜೆ ಹಾಕಿ ಹೋದೆ, ಪ್ರತಿ ಸಲ ಹೋಗುತ್ತೇನೆ. ಕೋರ್ಟಿನ ವರಾಂಡದಲ್ಲಿ ಕೊಳಗಲ್ಲಿನ ಹೆಂಗಸರು ಅವಳ ಸುತ್ತ ಕೂತಿದ್ದರು. ಹನುಮಕ್ಕ ತಂದಿದ್ದ ಬುತ್ತಿ ಬಿಚ್ಚಿ ಮೊದಲ ತುತ್ತು ಅವಳ ಕೈಗಿಟ್ಟಳು. ಶೈಲಾ ನನ್ನನ್ನು ಕಂಡು ಜಾಗ ಮಾಡಿ, "ಬರ್ರಿ ಅಕ್ಕಾ," ಎಂದಳು. ನಾನು ಕೂತೆ. ಅವರಲ್ಲಿ ಹೊಸದಾಗಿ ಬಂದಿದ್ದ ಒಬ್ಬಳು ನನ್ನನ್ನು ತೋರಿಸಿ, ಇವರು ಯಾರು ಎಂದು ಕೇಳಿದಳು. "ಶೈಲಮ್ಮನ ವಾರಗಿತ್ತಿ," ಎಂದು ಇನ್ನೊಬ್ಬಳು ಹೇಳಿದಳು.

ಆ ಹೊತ್ತಿಗೆ ವರಾಂಡದ ಆ ತುದಿಯಿಂದ ಪಂಪಣ್ಣ ಸಾಹುಕಾರರು ಬಂದರು. ಹಿಂದೆ ಮುಂದೆ ಜನ. ದಾರಿಯಲ್ಲಿದ್ದ ಕಾರಕೂನರು, ವಕೀಲರು, ಪೊಲೀಸರು ಎದ್ದು ನಿಂತು ಕೈ ಮುಗಿಯುತ್ತಿದ್ದರು. ಅವರು ಎಲ್ಲರಿಗೂ ನಗುತ್ತ, ಒಬ್ಬಿಬ್ಬರ ಹೆಗಲು ತಟ್ಟುತ್ತ ಬರುತ್ತಿದ್ದವರು ನಮ್ಮ ಗುಂಪನ್ನು ನೋಡಿದರು. ಅವರ ಕಣ್ಣು ನನ್ನ ಮೇಲೆ ಹಾದು, ನಿಲ್ಲದೆ, ಶೈಲಾಳ ಮೇಲೆ ಬಂತು. ಅವಳು ರೊಟ್ಟಿ ಅಗಿಯುತ್ತಿದ್ದವಳು ಸುಮ್ಮನೆ ತಲೆಯೆತ್ತಿ ನೋಡಿದಳು. ಎದ್ದೇಳಲಿಲ್ಲ, ಕಣ್ಣು ತಗ್ಗಿಸಲಿಲ್ಲ. ಸಾಹುಕಾರರ ನಗು ಹಾಗೆಯೇ ಮುಖದ ಮೇಲೆ ಉಳಿಯಿತು, ಕಾಲು ಮಾತ್ರ ನಿಂತವು. ಪಕ್ಕದವನಿಗೆ ಏನೋ ಹೇಳಿ, ಹಿಂದಕ್ಕೆ ತಿರುಗಿ, ಆ ಕಡೆಯ ಮೆಟ್ಟಿಲಿಗೆ ಹೋದರು.

ಹೆಂಗಸರು ನಕ್ಕರು. ಹನುಮಕ್ಕ ಶೈಲಾಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ನಾನೂ ನಕ್ಕೆ. ಅವನು ಹೆದರಿ ದಾರಿ ಬದಲಿಸಿದ್ದನ್ನು ಕಣ್ಣಾರೆ ಕಂಡಿದ್ದೆ, ಅಷ್ಟು ಸಾಕಾಗಬೇಕಿತ್ತು. ಆದರೆ ಅವನು ಹೆದರಿದ್ದು ನನಗಲ್ಲ. ಅವಳ ಪಕ್ಕದಲ್ಲೇ ಕೂತು, ಅವಳು ಮುರಿದುಕೊಟ್ಟ ರೊಟ್ಟಿ ತಿನ್ನುತ್ತ, ಅದಕ್ಕೂ ನಾನು ಹೊಟ್ಟೆ ಉರಿದುಕೊಳ್ಳುತ್ತಿದ್ದೆ.